ತಾಗಿದ ಮೇಲೆ ಓಡಲೇಬೇಕು

ಬ್ಲೂ ಮೌಂಟನ್ ಸುರಂಗ ಹತ್ತಿರವಾಗುತ್ತಿದ್ದಂತೆ ಹಾಸನದವನು ಕಪ್ಪು ಕನ್ನಡಕ ತೆಗೆದು ಪಕ್ಕಕ್ಕಿಡುತ್ತಾನೆ. ಮರುಗಳಿಗೆ ಬಿಸಿಲಿಲ್ಲ. ಎರಡೂ ಬದಿಗೆ ಗೋಡೆ, ತಲೆಯ ಮೇಲೆ ಹಿಂದಕ್ಕೋಡುವ ದೀಪಗಳ ಸಾಲು, ಪಕ್ಕದಲ್ಲೇ ಹದಿನೆಂಟು ಗಾಲಿಯ ಲಾರಿಯ ಗುಡುಗು. ಸುರಂಗ ಮುಗಿದು ಆಕಾಶ ಕಂಡಿತು ಅನ್ನುವಷ್ಟರಲ್ಲಿ ಎರಡನೆಯದು, ಕಿಟಟಿನಿ, ಎದುರಿಗೇ ಬಂದುಬಿಡುತ್ತದೆ. ಹಿಂದಿನ ಸೀಟಿನಲ್ಲಿ ಮಲಗಿದ್ದ ಧಾರವಾಡದವನು ಕಣ್ಣುಜ್ಜಿಕೊಂಡು, "ಎಲ್ಲಿಗೆ ಬಂದ್ವಿ ಲೇ?" ಅನ್ನುತ್ತಾನೆ.

"ಅರ್ಧ ದಾರಿ ಆಯ್ತು ಮಾರಾಯ, ಇನ್ನೂ ಸ್ವಲ್ಪ ಮಲಗು" ಅನ್ನುತ್ತಾಳೆ ಮಂಗಳೂರಿನವಳು. ಅವಳ ತೊಡೆಯ ಮೇಲೆ ಉದ್ದನೆಯ ಸ್ಕೋರ್ ಪುಸ್ತಕ, ಕಿವಿಯ ಹಿಂದೆ ಪೆನ್ಸಿಲ್. ಪಂದ್ಯಕ್ಕೆ ಇನ್ನೂ ಹತ್ತು ಗಂಟೆ ಇದೆ.

ನಾವು ನ್ಯೂಜೆರ್ಸಿಯ ಎಡಿಸನ್‌ನಿಂದ ಪಿಟ್ಸ್‌ಬರ್ಗಿಗೆ, ಅಲ್ಲಿನ ಪೈರೇಟ್ಸ್ ತಂಡದ ಬೇಸ್‌ಬಾಲ್ ಪಂದ್ಯ ನೋಡಲು ಹೊರಟಿದ್ದೇವೆ. ಸುಮಾರು 550 ಕಿಲೋಮೀಟರ್. ಕತ್ತಲಿರುವಾಗಲೇ ಡೆಲವೇರ್ ನದಿ ದಾಟಿ ಪೆನ್ಸಿಲ್ವೇನಿಯಾದೊಳಗೆ ಬಂದೆವು. ಹ್ಯಾರಿಸ್‌ಬರ್ಗ್ ಬಳಸಿಕೊಂಡು, ಕಾರ್ಲೈಲ್‌ನಲ್ಲಿ ಟರ್ನ್‌ಪೈಕ್ ಹಿಡಿದೆವು. ಈ ರಸ್ತೆ 1940ರ ಅಕ್ಟೋಬರ್‌ನಲ್ಲಿ ತೆರೆದದ್ದು. ಆದರೆ ಈಗ ದಾಟಿದ ಸುರಂಗಗಳು ಅದಕ್ಕಿಂತ ಹಳೆಯವು. 1880ರ ದಶಕದಲ್ಲಿ ರೈಲುಹಳಿ ಹಾಸಲೆಂದು ಬೆಟ್ಟ ಕೊರೆಯತೊಡಗಿದವರು 1885ರಲ್ಲಿ ಕೆಲಸವನ್ನು ಅರ್ಧಕ್ಕೇ ಬಿಟ್ಟುಹೋದರು. ರೈಲು ಬರಲೇ ಇಲ್ಲ. ಐವತ್ತೈದು ವರ್ಷಗಳ ನಂತರ ಆ ಬಿಲಗಳನ್ನೇ ಅಗಲ ಮಾಡಿ ಕಾರುಗಳನ್ನು ಓಡಿಸಿದರು. ಟಸ್ಕರೋರ ಸುರಂಗವೂ ಹಾಗೆಯೇ ಬಂದದ್ದು. ಅದು ಮುಗಿದ ಮೇಲೆ ಸೈಡ್‌ಲಿಂಗ್ ಹಿಲ್‌ನಲ್ಲಿ ಕಾರು ನಿಲ್ಲಿಸಿ, ಕಟ್ಟೆಯ ಮೇಲೆ ಕುಳಿತು ಸ್ಟೀಲ್ ಡಬ್ಬಿ ಬಿಚ್ಚುತ್ತೇವೆ. ಹಾಸನದವನ ಚಿತ್ರಾನ್ನ, ಧಾರವಾಡದವನ ಖಡಕ್ ರೊಟ್ಟಿ ಮತ್ತು ಶೇಂಗಾ ಹಿಂಡಿ, ಫ್ಲಾಸ್ಕಿನಲ್ಲಿ ಕಾಫಿ. ಗಾಳಿಯಲ್ಲಿ ಡೀಸೆಲ್ ವಾಸನೆ, ಅದರಾಚೆ ಕಾಡಿನ ಹಸಿ ವಾಸನೆ.

"ಅಲ್ಲಕ್ಕಾ, ಒಂದ್ ಮಾತ್ ಹೇಳು" ಅನ್ನುತ್ತಾನೆ ಧಾರವಾಡದವನು ರೊಟ್ಟಿ ಮುರಿಯುತ್ತಾ. "ಕ್ರಿಕೆಟ್ ಇರೋವಾಗ ಇದ್ಯಾಕ ಬೇಕು?"

ಅವಳು ಕಾಫಿ ಗುಟುಕರಿಸಿ, "ಸಂಜೆ ಹೇಳ್ತೇನೆ" ಅಂದಳು. ಅವಳಿಗೆ ಅವಸರವಿಲ್ಲ. ಬಾಲ್ಟಿಮೋರಿನಲ್ಲಿ ಓದುವಾಗ ಪಕ್ಕದ ಮನೆಯ ಮುದುಕಿಯೊಬ್ಬರು ರೇಡಿಯೊ ಹಚ್ಚಿ ಕೂತು ಇವಳಿಗೆ ಈ ಆಟ ಕಲಿಸಿದರಂತೆ. ಕಣ್ಣಿಗಿಂತ ಮೊದಲು ಕಿವಿಯಿಂದ ಕಲಿತದ್ದಕ್ಕೋ ಏನೋ, ಅವಳು ಆಟವನ್ನು ಕಥೆಯಾಗಿಯೇ ಹೇಳುತ್ತಾಳೆ.

ಅಲೆಗೆನಿ ಸುರಂಗ ಒಂದು ಮೈಲಿಗಿಂತ ಉದ್ದ. ಅದನ್ನು ದಾಟಿದ ಮೇಲೆ ಇಳಿಜಾರು. ಮಧ್ಯಾಹ್ನದ ಹೊತ್ತಿಗೆ ಮನ್ರೋವಿಲ್‌ನಲ್ಲಿ ಟರ್ನ್‌ಪೈಕ್ ಬಿಟ್ಟು ಪೆನ್ ಹಿಲ್ಸ್ ಕಡೆ ತಿರುಗಿದರೆ, ಮರಗಳ ನಡುವೆ ಬಿಳಿ ಗೋಪುರ. ವೆಂಕಟೇಶ್ವರ ದೇವಸ್ಥಾನ. 1970ರ ದಶಕದಲ್ಲಿ, ಈ ದೇಶದಲ್ಲಿ ಇಂಥ ಗುಡಿಗಳು ಬೆರಳೆಣಿಕೆಯಷ್ಟೂ ಇಲ್ಲದಿದ್ದಾಗ ಕಟ್ಟಿದ್ದು. ಆಗ ಇಡೀ ಪೂರ್ವ ಕರಾವಳಿಯ ಜನ ಮಕ್ಕಳ ಮುಡಿ ಕೊಡಲು ಇಲ್ಲಿಗೆ ಕಾರೋಡಿಸಿಕೊಂಡು ಬರುತ್ತಿದ್ದರು. ದರ್ಶನ ಮುಗಿಸಿ ಕೆಳಗಿಳಿದರೆ ಪುಳಿಯೋಗರೆ, ಮೊಸರನ್ನ. ಹಾಸನದವನು ಎಲೆಯ ಆಕಾರದ ಕಾಗದದ ತಟ್ಟೆಯನ್ನು ಎರಡನೆಯ ಸಲ ತುಂಬಿಸಿಕೊಂಡು ಬರುತ್ತಾನೆ. ಪಕ್ಕದ ಮೇಜಿನ ಹುಡುಗನೊಬ್ಬ ಕಪ್ಪು ಹಳದಿ ಪೈರೇಟ್ಸ್ ಟೋಪಿಯನ್ನು ಹಿಂದುಮುಂದಾಗಿ ಹಾಕಿಕೊಂಡು ಮೊಸರನ್ನ ತಿನ್ನುತ್ತಿದ್ದಾನೆ. ಹಣೆಯಲ್ಲಿ ನಾಮ. ಮಂಗಳೂರಿನವಳು ಅವನ ಟೋಪಿ ತೋರಿಸಿ ಹೆಬ್ಬೆರಳೆತ್ತುತ್ತಾಳೆ. ಹುಡುಗ ಅವಳ ಸ್ಕೋರ್ ಪುಸ್ತಕ ನೋಡಿ ನಗುತ್ತಾನೆ. ಅವರಿಬ್ಬರ ನಡುವೆ ಮಾತೇ ಬೇಕಾಗಲಿಲ್ಲ.

ಸಂಜೆ ಐದಕ್ಕೆ ಊರ ನಡುವೆ ಕಾರು ನಿಲ್ಲಿಸಿ ನಡೆಯತೊಡಗುತ್ತೇವೆ. ಅಲೆಗೆನಿ ನದಿಗೆ ಅಡ್ಡವಾಗಿ ಒಂದೇ ಅಚ್ಚಿನ ಮೂರು ಹಳದಿ ಸೇತುವೆಗಳು, ಅಕ್ಕತಂಗಿ ಸೇತುವೆಗಳೆಂದೇ ಹೆಸರು. ಮೂರೂ 1920ರ ದಶಕದವು. ಅವುಗಳಲ್ಲೊಂದು ರಾಬರ್ಟೊ ಕ್ಲೆಮೆಂಟೆಯ ಹೆಸರಿನದು. ಪಂದ್ಯದ ದಿನ ಅದರ ಮೇಲೆ ವಾಹನಗಳಿಲ್ಲ. ರಸ್ತೆಯ ನಟ್ಟನಡುವೆ ಸಾವಿರಾರು ಜನ ನಡೆಯುತ್ತಿದ್ದಾರೆ. ಅಪ್ಪನ ಹೆಗಲ ಮೇಲೆ ಕೈಗವಸು ತೊಟ್ಟ ಮಗು, ಗಾಲಿಕುರ್ಚಿಯಲ್ಲಿ ಹಳೆಯ ಜೆರ್ಸಿಯ ಅಜ್ಜ, ಬಕೆಟ್ ಬೋರಲು ಹಾಕಿ ಡ್ರಮ್ ಬಾರಿಸುವ ಹುಡುಗ. ಐಸ್ ತುಂಬಿದ ಪೆಟ್ಟಿಗೆ ಇಟ್ಟುಕೊಂಡು ನೀರು ಮಾರುವವರ ಕೂಗು. ಕೆಳಗೆ ನದಿಯಲ್ಲಿ ದೋಣಿಗಳು. ಇನ್ನೊಂದಿಷ್ಟು ದೂರದಲ್ಲಿ ಅಲೆಗೆನಿಯೂ ಮನಾಂಗಹೇಲವೂ ಕೂಡಿ ಒಹಾಯೊ ಆಗುತ್ತವೆ.

ಸೇತುವೆ ಇಳಿದರೆ ಅವನೇ ನಿಂತಿದ್ದಾನೆ. ಕಂಚಿನ ಕ್ಲೆಮೆಂಟೆ. ಬ್ಯಾಟು ಬೀಸಿ ಮುಗಿದಿದೆ, ಕೈಯಿಂದ ಅದಿನ್ನೂ ಪೂರ್ತಿ ಜಾರಿಲ್ಲ, ಕಾಲು ಆಗಲೇ ಓಟಕ್ಕೆ ಹೊರಟಿದೆ, ಕಣ್ಣು ಚೆಂಡಿನ ಹಿಂದೆ. ಜನ ಪಾದ ಮುಟ್ಟಿ ಮುಂದೆ ಹೋಗುತ್ತಿದ್ದಾರೆ.

ಮಂಗಳೂರಿನವಳು ನಿಂತಳು. "ಇವನ ಕಥೆ ಗೊತ್ತುಂಟಾ?"

1934ರಲ್ಲಿ ಪೋರ್ಟೊರಿಕೊದ ಕರೊಲಿನಾದಲ್ಲಿ ಹುಟ್ಟಿದವನು. ಅಪ್ಪ ಕಬ್ಬಿನ ಗದ್ದೆಯಲ್ಲಿ ಮೇಸ್ತ್ರಿ. 1955ರಲ್ಲಿ ಪಿಟ್ಸ್‌ಬರ್ಗಿಗೆ ಬಂದಾಗ ಇಂಗ್ಲಿಷ್ ಅಷ್ಟಕ್ಕಷ್ಟೆ; ಅವನ ಉಚ್ಚಾರಣೆಯನ್ನು ಕೆಲವು ಪತ್ರಕರ್ತರು ಹಾಗೆಹಾಗೆಯೇ ಅಚ್ಚು ಹಾಕಿ ನಕ್ಕರು. ಬೇಸ್‌ಬಾಲ್ ಕಾರ್ಡುಗಳ ಮೇಲೆ ಬಾಬ್ ಎಂದು ಛಾಪಿಸಿದರು. ತನ್ನ ಹೆಸರು ರಾಬರ್ಟೊ ಎಂದು ಅವನು ಹೇಳುತ್ತಲೇ ಇದ್ದ. ಹದಿನೆಂಟು ವರ್ಷ ಒಂದೇ ತಂಡಕ್ಕೆ ಆಡಿದ. 1971ರ ವರ್ಲ್ಡ್ ಸೀರೀಸ್‌ನಲ್ಲಿ ಪೈರೇಟ್ಸ್ ಬಾಲ್ಟಿಮೋರನ್ನು ಸೋಲಿಸಿದಾಗ ಸರಣಿಯ ಶ್ರೇಷ್ಠ ಆಟಗಾರ ಅವನೇ. ಇಡೀ ದೇಶ ನೋಡುತ್ತಿದ್ದ ಟಿವಿ ಮೈಕಿನ ಎದುರು, ಇಂಗ್ಲಿಷಿನಲ್ಲಿ ಮಾತಾಡುವ ಮುಂಚೆ ಅಪ್ಪ ಅಮ್ಮನಿಗೆ ಒಂದು ಮಾತು ಹೇಳಬೇಕೆಂದು, ಸ್ಪ್ಯಾನಿಷ್‌ನಲ್ಲಿ ಅವರ ಆಶೀರ್ವಾದ ಬೇಡಿದ.

ನಾವು ಯಾರೂ ಮಾತಾಡಲಿಲ್ಲ. ಹಾಸನದವನು ಮೊದಲ ಸಲ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಕಚೇರಿಯ ಫೋನ್ ಕರೆಗಳಲ್ಲಿ ನಮ್ಮ ಹೆಸರುಗಳನ್ನು ತುಂಡರಿಸಿ ಕೊಟ್ಟು ಬದುಕುವ ನಮ್ಮಂಥವರಿಗೆ ಆ ಒಂದು ನಿಮಿಷ ಎಷ್ಟು ದೊಡ್ಡದೆಂದು ವಿವರಿಸಿ ಹೇಳಬೇಕಿಲ್ಲ.

ಮುಂದಿನದನ್ನು ಅವಳು ಸಣ್ಣ ದನಿಯಲ್ಲಿ ಹೇಳಿದಳು. 1972ರ ಸೆಪ್ಟೆಂಬರ್ 30ರಂದು ಕ್ಲೆಮೆಂಟೆ ತನ್ನ 3000ನೆಯ ಹಿಟ್ ಹೊಡೆದ. ಲೀಗ್ ಪಂದ್ಯಗಳಲ್ಲಿ ಅದೇ ಕೊನೆಯದು. ಡಿಸೆಂಬರ್ 23ರಂದು ನಿಕರಾಗುವಾದ ಮನಾಗುವಾದಲ್ಲಿ ಭೂಕಂಪ. ಇವನು ಕಳಿಸಿದ ಪರಿಹಾರದ ಸಾಮಾನು ಜನಕ್ಕೆ ತಲುಪುತ್ತಿಲ್ಲ, ನಡುವೆಯೇ ಕದಿಯುತ್ತಿದ್ದಾರೆ ಎಂಬ ಸುದ್ದಿ ಬಂತು. ತಾನೇ ಹೋದರೆ ಕದಿಯಲಾರರು ಎಂದು ಡಿಸೆಂಬರ್ 31ರ ರಾತ್ರಿ ಮಿತಿಮೀರಿ ತುಂಬಿದ ವಿಮಾನ ಹತ್ತಿದ. ಸಾನ್ ಹುವಾನ್‌ನಿಂದ ಮೇಲೇರಿದ ಸ್ವಲ್ಪ ಹೊತ್ತಿಗೇ ಅದು ಸಮುದ್ರಕ್ಕೆ ಬಿತ್ತು. ದೇಹ ಸಿಗಲಿಲ್ಲ. ಮೂವತ್ತೆಂಟು ವರ್ಷ. ಹಾಲ್ ಆಫ್ ಫೇಮ್‌ಗೆ ಸೇರಲು ಆಟ ಬಿಟ್ಟು ಐದು ವರ್ಷ ಕಾಯಬೇಕೆಂಬ ನಿಯಮವನ್ನು ಪಕ್ಕಕ್ಕಿಟ್ಟು 1973ರಲ್ಲೇ ಅವನನ್ನು ಸೇರಿಸಿಕೊಂಡರು.

ಧಾರವಾಡದವನು ಮುಂದೆ ಬಂದು ಆ ಕಂಚಿನ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡ.

ಒಳಗೆ ಹೋದರೆ ಹಸಿರು. ಮೆಟ್ಟಿಲು ಹತ್ತಿ ಕತ್ತಲ ಓಣಿಯಿಂದ ಹೊರಬಂದಾಗ ಎದುರಾಗುವ ಆ ಹುಲ್ಲಿನ ಬಣ್ಣಕ್ಕೆ ಉಸಿರು ಒಂದು ಕ್ಷಣ ನಿಲ್ಲುತ್ತದೆ. ಪಿಎನ್‌ಸಿ ಪಾರ್ಕ್ 2001ರಲ್ಲಿ ತೆರೆದ ಮೈದಾನ. ಎರಡೇ ಅಂತಸ್ತು, ಹಾಗಾಗಿ ಎತ್ತರದ ಸೀಟಿನಲ್ಲೂ ಆಟ ಕಣ್ಣಳತೆಯಲ್ಲೇ ಇರುತ್ತದೆ. ಹೊರಮೈದಾನದ ಗೋಡೆಯಾಚೆ ನದಿ, ನದಿಯ ಮೇಲೆ ನಾವು ನಡೆದುಬಂದ ಹಳದಿ ಸೇತುವೆ, ಅದರ ಹಿಂದೆ ಗಾಜಿನ ಕಟ್ಟಡಗಳ ಮೇಲೆ ಸಂಜೆಯ ಬಿಸಿಲು. ನಾನು ನೋಡಿದ ಆಟದ ಮೈದಾನಗಳಲ್ಲಿ ಇದಕ್ಕಿಂತ ಚೆಂದದ್ದು ಇನ್ನೊಂದಿಲ್ಲ. ಬಲಬದಿಯ ಗೋಡೆ 21 ಅಡಿ ಎತ್ತರ. ಕ್ಲೆಮೆಂಟೆ ಕಾವಲಿದ್ದ ಜಾಗ ಅದು, ಅವನ ಅಂಗಿಯ ಸಂಖ್ಯೆ 21.

ಇದೇ ಪೈರೇಟ್ಸ್ ಕ್ಲಬ್ಬು 2008ರ ನವೆಂಬರ್‌ನಲ್ಲಿ ಉತ್ತರ ಪ್ರದೇಶದ ಇಬ್ಬರು ಜಾವೆಲಿನ್ ಹುಡುಗರಿಗೆ ಒಪ್ಪಂದದ ಕಾಗದ ಕೊಟ್ಟಿತ್ತು. ರಿಂಕು ಸಿಂಗ್, ದಿನೇಶ್ ಪಟೇಲ್. ವೇಗವಾಗಿ ಎಸೆಯುವವರನ್ನು ಹುಡುಕಿದ ಒಂದು ಟಿವಿ ಸ್ಪರ್ಧೆಯಿಂದ ಬಂದವರು, ಅದಕ್ಕೆ ಮೊದಲು ಬೇಸ್‌ಬಾಲ್ ಮುಟ್ಟಿದವರೇ ಅಲ್ಲ. ಫ್ಲಾರಿಡಾದ ಕೆಳಹಂತದ ಲೀಗಿನಲ್ಲಿ ಆಡಿದರು. ಈ ಹುಲ್ಲಿನವರೆಗೆ ಬರಲಾಗಲಿಲ್ಲ. ಆದರೂ ಮೈದಾನದ ನಡುವಿನ ಆ ಮಣ್ಣಿನ ದಿಬ್ಬ ನೋಡುವಾಗ ನನಗೆ ಅವರ ನೆನಪು ಬರುತ್ತದೆ.

ಏಳು ಗಂಟೆಗೆ ಮುಂಚೆಯೇ ಆಟ ಶುರು. ಎದುರಾಳಿ ಸಿನ್ಸಿನಾಟಿ ರೆಡ್ಸ್. ನಾವು ಮೂರನೆಯ ಬೇಸಿನ ಬದಿಗೆ, ಮೇಲಂತಸ್ತಿನ ಮುಂದಿನ ಸಾಲುಗಳಲ್ಲಿದ್ದೇವೆ. ಧಾರವಾಡದವನ ಕೈಯಲ್ಲಿ ಸಿಪ್ಪೆ ಸಮೇತ ಹುರಿದ ಶೇಂಗಾದ ದೊಡ್ಡ ಪೊಟ್ಟಣ. ಸಿಪ್ಪೆಯನ್ನು ಕಾಲಡಿಗೇ ಹಾಕುವುದು ಇಲ್ಲಿನ ರೂಢಿ ಎಂದು ತಿಳಿದು ಅವನಿಗೆ ಈ ದೇಶದ ಮೇಲೆ ಹೊಸ ಪ್ರೀತಿ ಹುಟ್ಟಿದೆ.

ಪಿಚರ್ ದಿಬ್ಬದ ಮೇಲೆ ನಿಂತ. ಬ್ಯಾಟರ್‌ಗೂ ಅವನಿಗೂ 60 ಅಡಿ 6 ಅಂಗುಲ. ಕ್ರಿಕೆಟ್ ಪಿಚ್ಚಿಗಿಂತ ಕಡಿಮೆ. ಚೆಂಡು ನೆಲಕ್ಕೆ ಬೀಳುವುದಿಲ್ಲ, ಗಾಳಿಯಲ್ಲೇ ತಿರುಗುತ್ತದೆ. ಗಂಟೆಗೆ 150 ಕಿಲೋಮೀಟರ್ ದಾಟಿದ ಎಸೆತ ಬ್ಯಾಟರ್‌ನ ಬಳಿಗೆ ಬರುವುದು ಅರೆಸೆಕೆಂಡೂ ಹಿಡಿಯದೆ. ಕ್ಯಾಚರ್‌ನ ಗವಸಿಗೆ ಅದು ಬಡಿದ ಸದ್ದು ನಮ್ಮ ಎತ್ತರಕ್ಕೂ ಕೇಳುತ್ತದೆ. ಚರ್ಮಕ್ಕೆ ಚರ್ಮ ಹೊಡೆದ ಗಟ್ಟಿ ಸದ್ದು.

"ಹತ್ತು ಸಲ ಬಂದು ಮೂರು ಸಲ ಸರಿಯಾಗಿ ಹೊಡೆದವನು ಇಲ್ಲಿ ದೊಡ್ಡ ಆಟಗಾರ. ಕ್ಲೆಮೆಂಟೆಯ ಜೀವಮಾನದ ಸರಾಸರಿ .317" ಅನ್ನುತ್ತಾಳೆ ಮಂಗಳೂರಿನವಳು ಪುಸ್ತಕದಿಂದ ಕಣ್ಣೆತ್ತದೆ.

"ಏಳು ಸಲ ಸೋತ್ರೂ ಸರಿಯೇನ?"

"ಸರಿ."

ಅವಳ ಪೆನ್ಸಿಲ್ ಓಡುತ್ತಿದೆ. ಪಿಚರ್ 1, ಕ್ಯಾಚರ್ 2, ಮೊದಲ ಬೇಸಿನವನು 3, ಹೀಗೆ ಎಣಿಸುತ್ತ ಹೋದರೆ ಬಲಮೈದಾನದವನು 9. ಮೂರು ಸ್ಟ್ರೈಕಿಗೆ ಔಟಾದರೆ ಚೌಕದಲ್ಲಿ ಒಂದು 'ಕೆ' ಅಕ್ಷರ. ಈ ಲೆಕ್ಕದ ಪದ್ಧತಿಯನ್ನು ಬೆಳೆಸಿದ ಹೆನ್ರಿ ಚಾಡ್ವಿಕ್ 1824ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿ, ನ್ಯೂಯಾರ್ಕಿಗೆ ಬಂದು ಕ್ರಿಕೆಟ್ ವರದಿ ಬರೆಯುತ್ತಿದ್ದವನು. ಕ್ರಿಕೆಟ್ಟಿನ ಸ್ಕೋರ್ ಪಟ್ಟಿಯನ್ನು ನೋಡಿಯೇ ಬೇಸ್‌ಬಾಲಿಗೆ ಪಟ್ಟಿ ಮಾಡಿಕೊಟ್ಟ. ಇದನ್ನು ಕೇಳಿ ಹಾಸನದವನು, "ಹಂಗಾದ್ರೆ ನಮ್ಮೋನೇ ಕಣೋ" ಅಂದ.

ಒಬ್ಬ ಬ್ಯಾಟರ್ ಚೆಂಡನ್ನು ಮೆತ್ತಗೆ ನೆಲಕ್ಕೆ ಹೊಡೆದ. ನೇರ ಎದುರಿನವನ ಕೈಗೇ ಹೋಯಿತು. ಆದರೂ ಬ್ಯಾಟರ್ ಓಡಿದ.

"ಅಂವ ಯಾಕ ಓಡಾಕತ್ತಾನ? ನಿಂತ್ಕೊಂಡ್ರ ಆಗೂದಿಲ್ಲೇನ?"

"ಆಗುದಿಲ್ಲ" ಅಂದಳು ಅವಳು, ಬೆಳಗಿನ ಪ್ರಶ್ನೆಗೆ ಈಗ ಉತ್ತರ ಸಿಕ್ಕ ಹಾಗೆ ಪೆನ್ಸಿಲ್ ಕೆಳಗಿಟ್ಟು. "ಕ್ರಿಕೆಟ್‌ನಲ್ಲಿ ತಡೆದು ಆಡಿ ಸುಮ್ಮನೆ ನಿಲ್ಲಬಹುದು. ಇಲ್ಲಿ ಗೆರೆಗಳ ಒಳಗೆ ಚೆಂಡು ಬಿತ್ತಾ, ಓಡ್ಲೇಬೇಕು. ಹೊಡೆತ ಎಷ್ಟು ಕೆಟ್ಟದಿದ್ರೂ ಓಡ್ಲೇಬೇಕು. 90 ಅಡಿ. ಚೆಂಡು ಹಿಡಿಯುವವನ ಕೈ ಜಾರಬಹುದು, ಎಸೆತ ತಪ್ಪಬಹುದು. ಕ್ಲೆಮೆಂಟೆಯ ಓಟ ನೋಡ್ಬೇಕಿತ್ತು ನೀನು, ಹಳೇ ಚಿತ್ರಗಳಲ್ಲಿ ಉಂಟು. ಟೋಪಿ ಹಾರಿಹೋಗುವ ಹಾಗೆ ಓಡುತ್ತಿದ್ದ."

ಆ ಮಾತಿನ ನಂತರ ನಾನು ನೋಡುವ ಬಗೆಯೇ ಬದಲಾಯಿತು. ಅಲ್ಲಿಯವರೆಗೆ ಕಣ್ಣು ಬೌಂಡರಿ ಹುಡುಕುತ್ತಿತ್ತು. ಈಗ ಕೆಟ್ಟ ಹೊಡೆತಗಳ ಮೇಲೆ ಕಣ್ಣು. ಯಾರು ತಲೆತಗ್ಗಿಸಿ ಕಾಟಾಚಾರಕ್ಕೆ ಓಡುತ್ತಾನೆ, ಯಾರು ಉಸಿರು ಬಿಗಿಹಿಡಿದು ಓಡುತ್ತಾನೆ. ಆಟಗಾರನ ಸ್ವಭಾವವೆಲ್ಲ ಆ ತೊಂಬತ್ತು ಅಡಿಯಲ್ಲಿ ಬಿಚ್ಚಿಕೊಳ್ಳುತ್ತದೆ.

ಈ ಆಟಕ್ಕೆ ಇಷ್ಟು ಗಂಟೆಯೆಂಬ ಕಟ್ಟಿಲ್ಲ. ಎಸೆತಕ್ಕೆ ಮಾತ್ರ ಗಡಿಯಾರದ ಕಟ್ಟಿದೆ: ಬೇಸುಗಳು ಖಾಲಿಯಿದ್ದರೆ 15 ಸೆಕೆಂಡಿನೊಳಗೆ ಎಸೆತ ಶುರುವಾಗಬೇಕು, ಯಾರಾದರೂ ನಿಂತಿದ್ದರೆ 18. ಎಸೆತಕ್ಕೆ ಗಡಿಯಾರವಿಡುವ ಪದ್ಧತಿ 2023ರಲ್ಲಿ ಬಂತು. ಆದರೂ ಎಸೆತಗಳ ನಡುವೆ ಮಾತಿಗೆ ಸಾಕಷ್ಟು ಜಾಗ ಉಳಿದಿದೆ. ಹಾಸನದವನು ಊರಲ್ಲಿ ತೋಟ ಮಾರುವ ಮಾತು ಬಂದಿರುವುದನ್ನು ಹೇಳಿದ. ಅಣ್ಣನಿಗೆ ಆಗುತ್ತಿಲ್ಲವಂತೆ, ಮೆಣಸು ಕೊಯ್ಯಲು ಆಳುಗಳಿಲ್ಲವಂತೆ. ಕಾರಿನಲ್ಲಿ ಅಷ್ಟು ಹೊತ್ತು ಕೂತಾಗ ಬಾರದ ಮಾತು ಇಲ್ಲಿ, ಎಲ್ಲರೂ ಒಂದೇ ದಿಕ್ಕಿಗೆ ಮುಖಮಾಡಿ ಕೂತಿರುವಾಗ, ತಾನಾಗಿ ಬಂತು. ನಾವು ಸಲಹೆ ಕೊಡಲಿಲ್ಲ. ಶೇಂಗಾ ಪೊಟ್ಟಣ ಅವನ ಕಡೆಗೆ ಹೋಯಿತು.

ಐದನೆಯ ಇನ್ನಿಂಗ್ಸ್ ಹೊತ್ತಿಗೆ ಪಿಯರೋಗಿ ಓಟ. ಪಿಯರೋಗಿ ಅಂದರೆ ಪೂರ್ವ ಯುರೋಪಿನಿಂದ ಉಕ್ಕಿನ ಕಾರ್ಖಾನೆಗಳ ಕೆಲಸಕ್ಕೆ ಬಂದವರು ತಂದ ತಿನಿಸು. ಒಳಗೆ ಆಲೂಗಡ್ಡೆ ಹೂರಣ ತುಂಬಿ ಬೇಯಿಸಿದ ಕರ್ಜಿಕಾಯಿ ಅಂದುಕೊಳ್ಳಿ. ಆಳೆತ್ತರದ ಪಿಯರೋಗಿ ವೇಷ ತೊಟ್ಟವರು ಮೈದಾನದ ಅಂಚಿನಲ್ಲಿ ಬಿದ್ದು ಎದ್ದು ಓಡುತ್ತಾರೆ. ಮೂವತ್ತು ಸಾವಿರ ಜನ ಅದಕ್ಕೂ ಗಂಟಲು ಹರಿದುಕೊಂಡು ಕೂಗುತ್ತಾರೆ.

ಎಂಟನೆಯ ಇನ್ನಿಂಗ್ಸ್. ದೀಪಗಳು ಹತ್ತಿ ಹುಲ್ಲು ಹಗಲಿಗಿಂತ ಹಸಿರಾಗಿದೆ. ಪೈರೇಟ್ಸ್ ಒಂದು ರನ್ ಹಿಂದೆ. ಇಬ್ಬರು ಔಟ್, ಒಬ್ಬ ಮೂರನೆಯ ಬೇಸಿನಲ್ಲಿ ನಿಂತಿದ್ದಾನೆ. ನಮ್ಮ ಮುಂದಿನ ಸಾಲಿನ ಅಜ್ಜಿ ಎರಡೂ ಕೈ ಬಾಯಿಗೆ ಒತ್ತಿ ಹಿಡಿದಿದ್ದಾರೆ. ಎಸೆತ ಬಂತು. ಬ್ಯಾಟಿನ ಅಂಚಿಗೆ ತಾಗಿ ಚೆಂಡು ಮೂರನೆಯ ಬೇಸಿನ ಕಡೆಗೆ ತೆವಳಿತು. ಅಷ್ಟು ಕೆಟ್ಟ ಹೊಡೆತ.

"ಓಡಲೇ!" ಕೂಗಿದವನು ಧಾರವಾಡದವನು. ಎದ್ದು ನಿಂತಿದ್ದಾನೆ, ಶೇಂಗಾ ಎಲ್ಲ ಚೆಲ್ಲಿದೆ. "ಓಡಲೇ, ಓಡೋ ನಮ್ಮಪ್ಪಾ!"

ಮೂರನೆಯ ಬೇಸಿನವನು ಮುನ್ನುಗ್ಗಿ ಬರಿಗೈಯಲ್ಲೇ ಚೆಂಡೆತ್ತಿ, ಬಗ್ಗಿದವನು ಬಗ್ಗಿದ ಹಾಗೆಯೇ ಎಸೆದ. ಚೆಂಡೂ ಓಟಗಾರನೂ ಮೊದಲ ಬೇಸಿಗೆ ಒಟ್ಟಿಗೇ ಬಂದರು. ಅಂಪೈರ್ ಎರಡೂ ಕೈ ಅಗಲಿಸಿದ. ಸೇಫ್! ಮೂರನೆಯ ಬೇಸಿನಲ್ಲಿದ್ದವನು ಮನೆ ಸೇರಿದ್ದಾನೆ. ಸಮ. ಕಾಲ ಕೆಳಗಿನ ಕಾಂಕ್ರೀಟು ನಡುಗುತ್ತಿದೆ. ಅಜ್ಜಿ ಹಿಂತಿರುಗಿ ಧಾರವಾಡದವನ ಎರಡೂ ಕೈ ಹಿಡಿದು ಕುಲುಕುತ್ತಿದ್ದಾರೆ. ಅವನು ಅವರಿಗೆ ಕನ್ನಡದಲ್ಲೇ ಏನೋ ಹೇಳುತ್ತಿದ್ದಾನೆ, ಅವರು ತಲೆಯಾಡಿಸುತ್ತಿದ್ದಾರೆ.

ಒಂಬತ್ತನೆಯದರಲ್ಲಿ ರೆಡ್ಸ್ ಬ್ಯಾಟರ್ ಒಬ್ಬ ಚೆಂಡನ್ನು ಎಡಗೋಡೆಯಾಚೆ ಕಳಿಸಿದ. ಅಷ್ಟೇ. ಪೈರೇಟ್ಸ್ ಸೋತರು. ವರ್ಷಕ್ಕೆ 162 ಲೀಗ್ ಪಂದ್ಯ ಆಡುವ ತಂಡಕ್ಕೆ ಸೋಲು ಹೊಸದಲ್ಲ. ಅಜ್ಜಿ ಚೀಲ ಹೆಗಲಿಗೇರಿಸಿ, ನಾಳೆ ಮಧ್ಯಾಹ್ನ ಮತ್ತೆ ಬರುತ್ತೇನೆ ಅಂದರು. ಜನ ಮತ್ತೆ ಸೇತುವೆ ತುಂಬಿಕೊಂಡು ನಡೆದರು.

ಭಾನುವಾರ ಬೆಳಿಗ್ಗೆ ಊರು ಬಿಡುವ ಮುಂಚೆ ಮಂಗಳೂರಿನವಳು ನಮ್ಮನ್ನು ಓಕ್ಲೆಂಡ್ ಬಡಾವಣೆಗೆ ಕರೆದೊಯ್ದಳು. ವಿಶ್ವವಿದ್ಯಾಲಯದ ಕಟ್ಟಡಗಳ ನಡುವೆ, ಬಳ್ಳಿ ಹಬ್ಬಿದ ಒಂದು ಇಟ್ಟಿಗೆ ಗೋಡೆ. ಅದರ ಮೇಲೆ ಬಿಳಿ ಅಂಕಿಗಳು, 457, 436. ಪಕ್ಕದಲ್ಲಿ ಧ್ವಜಸ್ತಂಭ. 1909ರಿಂದ 1970ರವರೆಗೆ ಪೈರೇಟ್ಸ್ ಆಡಿದ ಫೋರ್ಬ್ಸ್ ಫೀಲ್ಡ್‌ನಲ್ಲಿ ಉಳಿದದ್ದು ಇಷ್ಟು. ಹೋಮ್ ಪ್ಲೇಟ್ ವಿಶ್ವವಿದ್ಯಾಲಯದ ಕಟ್ಟಡವೊಂದರ ನೆಲದಲ್ಲಿ ಗಾಜಿನಡಿ ಇದೆ.

1960ರ ಅಕ್ಟೋಬರ್ 13. ವರ್ಲ್ಡ್ ಸೀರೀಸ್‌ನ ಏಳನೆಯ, ಕೊನೆಯ ಪಂದ್ಯ, ಎದುರಿಗೆ ನ್ಯೂಯಾರ್ಕ್ ಯಾಂಕೀಸ್. ಒಂಬತ್ತನೆಯ ಇನ್ನಿಂಗ್ಸ್‌ನ ಕೊನೆಯಲ್ಲಿ ಬಿಲ್ ಮೆಜರೋಸ್ಕಿ ಹೊಡೆದ ಚೆಂಡು ಎಡಗೋಡೆ ದಾಟಿ 10-9ರಲ್ಲಿ ಸರಣಿಯನ್ನೇ ಗೆದ್ದಿತು. ಚೆಂಡು ದಾಟಿದ ಜಾಗಕ್ಕೆ ನೆಲದಲ್ಲಿ ಫಲಕವಿದೆ.

"ಎಲ್ರೂ ಆ ಹೊಡೆತದ ಬಗ್ಗೆಯೇ ಹೇಳ್ತಾರೆ" ಅಂದಳು ಅವಳು, ಗೋಡೆಗೆ ಬೆನ್ನು ಕೊಟ್ಟು ನಿಂತು. "ಎಂಟನೆಯ ಇನ್ನಿಂಗ್ಸ್ ನೋಡಿ. ಎರಡು ರನ್ ಹಿಂದೆ, ಎರಡು ಔಟ್. ಕ್ಲೆಮೆಂಟೆ ಬಂದು ಮೊದಲ ಬೇಸಿನ ಕಡೆಗೆ ಒಂದು ಕೆಟ್ಟ ಹೊಡೆತ ಹೊಡೆದ. ಅಲ್ಲಿಗೇ ಮುಗಿಯಬೇಕಿತ್ತು. ಇವನು ಪ್ರಾಣ ಬಿಟ್ಟು ಓಡಿದ, ಪಿಚರ್ ಬೇಸಿಗೆ ಬರುವುದು ತಡ ಆಯ್ತು. ಸೇಫ್. ಒಂದು ರನ್ ಬಂತು. ಅವನ ಹಿಂದೆ ಬಂದ ಹಾಲ್ ಸ್ಮಿತ್ ಮೂರು ರನ್ನಿನ ಹೋಮ್ ರನ್ ಹೊಡೆದ. ಆ ಓಟ ಇಲ್ಲದಿದ್ರೆ ಇದ್ಯಾವುದೂ ಇಲ್ಲ."

"ನಿನ್ನಿ ಅಂವ ಓಡಿದ್ದೂ ಹಂಗ ಅಲ್ಲೇನ!" ಧಾರವಾಡದವನು ಗೋಡೆಯ ಇಟ್ಟಿಗೆಯ ಮೇಲೆ ಅಂಗೈ ಇಟ್ಟಿದ್ದಾನೆ.

"ಹೌದು. ಇನ್ನೊಂದು ವಿಷಯ ಗೊತ್ತುಂಟಾ? ಆ ಇಡೀ ಪಂದ್ಯದಲ್ಲಿ ಒಬ್ಬನೂ ಮೂರು ಸ್ಟ್ರೈಕಿಗೆ ಔಟಾಗ್ಲಿಲ್ಲ. ವರ್ಲ್ಡ್ ಸೀರೀಸ್‌ನಲ್ಲಿ ಅಂಥ ಪಂದ್ಯ ಅದೊಂದೇ. ಸ್ಕೋರ್ ಹಾಳೆಯಲ್ಲಿ ಒಂದೂ 'ಕೆ' ಇಲ್ಲ. ಎಲ್ಲರೂ ಚೆಂಡನ್ನು ತಾಗಿಸಿದವರೇ."

ಪ್ರತಿ ಅಕ್ಟೋಬರ್ 13ಕ್ಕೆ ಜನ ಇದೇ ಗೋಡೆಯ ಬಳಿ ಕುರ್ಚಿ ಹಾಕಿಕೊಂಡು ಕೂತು ಆ ಪಂದ್ಯದ ಹಳೆಯ ರೇಡಿಯೊ ವೀಕ್ಷಕ ವಿವರಣೆಯನ್ನು ಮೊದಲಿನಿಂದ ಕೊನೆಯವರೆಗೆ ಕೇಳುತ್ತಾರಂತೆ. 1985ರಲ್ಲಿ ಒಬ್ಬನೇ ಒಬ್ಬ ಅಭಿಮಾನಿ ಟೇಪ್ ರೆಕಾರ್ಡರ್ ತಂದು ಕೂತು ಶುರುಮಾಡಿದ್ದು. ಇದನ್ನು ಕೇಳಿದ್ದೇ ಧಾರವಾಡದವನು ಫೋನ್ ತೆಗೆದು ಕ್ಯಾಲೆಂಡರ್ ನೋಡತೊಡಗಿದ.

"ವಾರದ ನಡುವ ಬರ್ತದಲ್ಲೋ."

"ರಜೆ ಹಾಕೋದು ಕಣೋ" ಅಂದ ಹಾಸನದವನು, ಕಾರಿನ ಕೀಲಿ ತಿರುಗಿಸುತ್ತಾ. "ನನ್ನ ಕಾರೇ ತರ್ತೀನಿ."

"ಹಾಂಗಾದ್ರ ನನಗೂ ಒಂದು ಸ್ಕೋರ್ ಪುಸ್ತಕ ಬೇಕು. ಅಕ್ಕಾ, ದಾರಿಯಾಗ ಬರಿಯೂದು ಕಲಸ್ತಿಯೇನ?"

ಅವಳು ಕಿವಿಯ ಹಿಂದಿನ ಪೆನ್ಸಿಲ್ ತೆಗೆದು ಅವನ ಕೈಗಿಟ್ಟು, ಹಿಂದಿನ ಸೀಟಿನಲ್ಲಿ ಅವನ ಪಕ್ಕಕ್ಕೆ ಕೂತಳು. ಮನ್ರೋವಿಲ್ ತಲುಪುವ ಮುಂಚೆಯೇ ಅವರಿಬ್ಬರು ನಿನ್ನೆಯ ಎರಡನೆಯ ಇನ್ನಿಂಗ್ಸ್‌ವರೆಗೆ ಬಂದಿದ್ದರು.